ಪ್ರೆಸೆಂಟ್ ಮೇಡಂ!

ಪ್ರಾಕ್ಸಿ ಹಾಕುವುದಕ್ಕೂ ಒಂದು ಯೋಗ್ಯತೆ ಬೇಕಿತ್ತು ಸ್ವಾಮಿ, ಒಂದು ಕಾಲದಲ್ಲಿ. ಗೆಳೆಯ ಮ್ಯಾಟಿನಿಗೆ ಹೋಗಿದ್ದರೆ ಅವನ ರೋಲ್ ನಂಬರ್ ಬರುವ ಹೊತ್ತಿಗೆ ಮುಂದಿನ ಬೆಂಚಿನ ದಪ್ಪ ಹುಡುಗನ ಬೆನ್ನಿಗೆ ಅವಿತು, ಗಂಟಲು ಬದಲಿಸಿ 'ಪ್ರೆಸೆಂಟ್ ಮೇಡಂ' ಅನ್ನಬೇಕಿತ್ತು. ತನ್ನದೇ ನಂಬರ್ ಬಂದಾಗ ಹಳೆಯ ದನಿ ವಾಪಸು ಬರಬೇಕಿತ್ತು. ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ದನಿ ತೆಗೆಯುತ್ತಿದ್ದ ಪುಣ್ಯಾತ್ಮನೊಬ್ಬ ನನ್ನ ಕ್ಲಾಸಿನಲ್ಲಿದ್ದ. ರಂಗಭೂಮಿಗೆ ಹೋಗಬೇಕಾದವನು, ಬಿ.ಕಾಂಗೆ ಬಂದು ಸೇರಿದ್ದ. ಈಗಿನವರಿಗೆ ಆ ಅಭಿನಯದ ತಾಪತ್ರಯವೇ ಇಲ್ಲ. ಕಾಲೇಜಿನ ಆನ್‌ಲೈನ್ ಪಾಠದ ತಾಣವಾದ ಎಲ್‌ಎಂಎಸ್‌ಗೆ ಲಾಗಿನ್ ಆಗಿ, ವಿಡಿಯೊ ಒತ್ತಿ, ಮ್ಯೂಟ್ ಮಾಡಿ ಸ್ನಾನಕ್ಕೆ ಹೋದರಾಯಿತು. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಹಸಿರು ಪಟ್ಟಿ ನೂರಕ್ಕೆ ನೂರು ತುಂಬಿರುತ್ತದೆ.

ಈ ತಾಣಕ್ಕೆ 'ವರ್ಚುವಲ್ ಲರ್ನಿಂಗ್ ಎನ್‌ವಿರಾನ್‌ಮೆಂಟ್' ಎಂಬ ಉದ್ದನೆಯ ಹೆಸರು ಸೆಮಿನಾರಿನ ಬ್ಯಾನರಿಗೆ ಮಾತ್ರ. ಸ್ಟಾಫ್ ರೂಮಿನಲ್ಲಿ 'ಮೂಡಲ್‌ಗೆ ಹಾಕಿದ್ರಾ ಮೇಡಂ?' ಅಂದರೆ ಮುಗೀತು. ನಾವು ಹಾಕುವುದಾದರೂ ಏನು? ಯಾವ ಕಾಲದ್ದೋ ನೋಟ್ಸಿನ ಫೋಟೊ, ಅದೂ ಅಡ್ಡಡ್ಡ, ಮೂಲೆಯಲ್ಲಿ ನಮ್ಮದೇ ಹೆಬ್ಬೆರಳು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದ ದಿನ ಅದೇ ಹೆಬ್ಬೆರಳು 'ಇ-ಕಂಟೆಂಟ್' ಆಗಿ ಮೆರೆಯುತ್ತದೆ.

ಈ ಮೂಡಲ್ ಕಟ್ಟಿದ ಮಾರ್ಟಿನ್ ಡೂಗಿಯಾಮಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಆತನಿಗೆ ಚಿಕ್ಕಂದಿನಲ್ಲಿ ಮೇಷ್ಟ್ರ ಪಾಠ ಬರುತ್ತಿದ್ದದ್ದು ರೇಡಿಯೊದಲ್ಲಿ. ದೂರದಲ್ಲಿದ್ದವರೂ ಒಬ್ಬರಿಗೊಬ್ಬರು ಮಾತಾಡಿಕೊಂಡು ಕಲಿಯಲಿ ಅಂತ 2002ರಲ್ಲಿ ಮೂಡಲ್‌ನ ಮೊದಲ ಆವೃತ್ತಿ ಬಿಟ್ಟ, ಬಿಟ್ಟಿಯಾಗಿಯೇ ಕೊಟ್ಟ. ಮಾತಾಡಲೆಂದೇ ಅದರಲ್ಲೊಂದು ಚರ್ಚೆಯ ಜಾಗ ಇದೆ. ನಮ್ಮಲ್ಲಿ ಅದರ ವೈಭವ ನೋಡಬೇಕು. 'ಹಣದುಬ್ಬರಕ್ಕೆ ಕಾರಣಗಳೇನು, ಚರ್ಚಿಸಿ' ಅಂತ ನಾನು ಹಾಕಿದರೆ ಮೊದಲನೆಯವಳು 'ನೈಸ್ ಟಾಪಿಕ್ ಮೇಡಂ' ಅಂತಾಳೆ. ಉಳಿದವರೆಲ್ಲ ಸಾಲಾಗಿ ಬಂದು 'ಐ ಅಗ್ರೀ' ಅಂತಾರೆ. ಕೊನೆಯವನು ಮಾತ್ರ ಸ್ವಂತ ಬುದ್ಧಿ ಓಡಿಸಿ ಕೇಳುತ್ತಾನೆ: 'ಮೇಡಂ, ಇಂಟರ್ನಲ್ಸ್ ಯಾವಾಗ?'

ಇದೇನೂ ಮೊದಲ ಅವತಾರವಲ್ಲ ಬಿಡಿ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದಾಗ ನಮ್ಮ ವಿಟಿಯು ಅದರ ಮೂಲಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಇಳಿಸಿತ್ತು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಆನ್‌ಲೈನ್ ಕೋರ್ಸಿಗೆ ಸೇರಿದವರು ಸುಮಾರು 1.6 ಲಕ್ಷ, ದಡ ಸೇರಿದವರು 23,000ದ ಆಸುಪಾಸು. ಪ್ರತಿ ಸಲವೂ ನಾವು ಸ್ಟಾಫ್ ರೂಮಿನವರು 'ಇನ್ನು ನಮ್ಮ ಅನ್ನಕ್ಕೆ ಕಲ್ಲು ಬಿತ್ತು' ಅಂತ ಅಂದುಕೊಂಡದ್ದೇ ಬಂತು. ಆಮೇಲೆ ಡಿಎ ಹೆಚ್ಚಾಗುತ್ತಿತ್ತು, ಮರೆಯುತ್ತಿದ್ದೆವು.

ಆನ್‌ಲೈನ್ ಪಾಠಗಳಲ್ಲಿ ಎನ್‌ಪಿಟಿಇಎಲ್ ಮಾತ್ರ ಬೇರೆ ಜಾತಿ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠ ಚೆನ್ನಾಗಿಲ್ಲ ಅಂದವರ ಬಾಯಿಗೆ ಹುಳ ಬೀಳಲಿ. ಈಗ ಅದರ ಕೋರ್ಸುಗಳು ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್‌ನಲ್ಲಿ ಸಿಗುತ್ತವೆ. ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಅಲ್ಲೇ ಮುಗಿಸಿಕೊಳ್ಳಬಹುದು ಅಂತ ಯುಜಿಸಿ 2021ರಲ್ಲಿ ಹೇಳಿತು. ಪಡೆದ ಕ್ರೆಡಿಟ್ಟನ್ನು ಇಡಲು ಅದೇ ವರ್ಷ ಒಂದು 'ಬ್ಯಾಂಕ್' ಕೂಡ ಬಂತು, ಬಡ್ಡಿ ಇಲ್ಲ ಅಷ್ಟೆ. ಎನ್‌ಪಿಟಿಇಎಲ್‌ನಲ್ಲಿ ವಾರವಾರದ ಅಸೈನ್‌ಮೆಂಟಿಗೆ 25 ಅಂಕ. ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಉತ್ತರ ಟೆಲಿಗ್ರಾಂ ಗುಂಪಿನಲ್ಲಿ ಸಂಜೆಯೇ ಬಂದಿರುತ್ತದೆ, ಆದರೂ ನಮ್ಮ ಹುಡುಗರು 11:56ಕ್ಕೇ ಟಿಕ್ ಮಾಡುವುದು. ಶಾಸ್ತ್ರ ಮುರಿಯಬಾರದು ನೋಡಿ. ಉಳಿದ 75 ಅಂಕಕ್ಕೆ? ಹಾಲ್ ಟಿಕೆಟ್, ಗುರುತಿನ ಚೀಟಿ ಹಿಡಿದು ಪರೀಕ್ಷಾ ಕೇಂದ್ರಕ್ಕೇ ಹೋಗಿ ಕೂರಬೇಕು. ಪಾಠವೆಲ್ಲ ಅಂತರ್ಜಾಲದಲ್ಲೇ ಕೊಟ್ಟವರೂ ಪರೀಕ್ಷೆಗೆ ಮಾತ್ರ ಮುಖ ನೋಡಿಯೇ ಒಳಗೆ ಬಿಡುತ್ತಾರೆ. ಜಾಣರು.

ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಲೇಬೇಡಿ. ಮೊನ್ನೆ ತಂಗಿಯ ಮಗ ಮನೆಗೆ ಬಂದವನು ಲ್ಯಾಪ್‌ಟಾಪ್ ತೆರೆದು ಕೂತ. ಅದರಲ್ಲೊಂದು ಹೊಸ ಬ್ರೌಸರ್. 'ಈ ಕೋರ್ಸ್ ಮುಗಿಸು' ಅಂತ ಒಂದು ಸಾಲು ಟೈಪ್ ಮಾಡಿದ. ಬಾಣ ತಾನೇ ಓಡಾಡಿತು, ಪುಟ ತಿರುಗಿಸಿತು, ಕ್ವಿಜ್‌ಗೆ ಉತ್ತರ ಗುರುತು ಹಾಕಿತು.

'ನೋಡು ದೊಡ್ಡಮ್ಮ, ಅದೇ ಓದ್ಕೊಳ್ತಿದೆ.'

'ಹಾಗಾದ್ರೆ ನೀನೇನೋ ಮಾಡ್ತೀಯ?'

'ಅದು ಸರಿಯಾಗಿ ಓದ್ತಿದೆಯಾ ಅಂತ ನೋಡ್ತಿರ್ತೀನಿ.'

ಅದು ನನ್ನ ಕೆಲಸ ಕಣೋ, ಅದಕ್ಕೇ ಸರ್ಕಾರ ನನಗೆ ಸಂಬಳ ಕೊಡೋದು ಅನ್ನುವಷ್ಟರಲ್ಲಿ ಬಾಣ ತಟಕ್ಕನೆ ನಿಂತಿತು. 'ನಾನು ರೋಬಾಟ್ ಅಲ್ಲ' ಎಂಬ ಚೌಕ ಎದುರಾಗಿತ್ತು. ಅಷ್ಟಕ್ಕೆ ಮಾತ್ರ ಒಡೆಯನೇ ಬೇಕಂತೆ. ಹುಡುಗ ಚಕ್ಕುಲಿ ಕೆಳಗಿಟ್ಟು, ಕೈ ಪ್ಯಾಂಟಿಗೆ ಒರೆಸಿಕೊಂಡು, ಗಂಭೀರವಾಗಿ ಟಿಕ್ ಮಾಡಿದ. ಆ ಕೋರ್ಸಿನಲ್ಲಿ ಅವನು ಸ್ವಂತವಾಗಿ ಉತ್ತರಿಸಿದ್ದು ಅದೊಂದೇ ಪ್ರಶ್ನೆಗೆ.

ನಕ್ಕು ಪ್ರಯೋಜನವಿಲ್ಲ, ನಾವೂ ಕಡಿಮೆಯವರಲ್ಲ. ಪ್ರಶ್ನೆಪತ್ರಿಕೆ ತೆಗೆಯುವುದಕ್ಕೂ ಅದೇ ಯಂತ್ರ, ತಿದ್ದುವುದಕ್ಕೂ ಅದೇ. ಇದರ ಭವಿಷ್ಯವೇನು ಅಂತ ನಮ್ಮ ಗಣಿತದ ಮೇಷ್ಟ್ರನ್ನು ಕೇಳಿದರೆ, 'ಭವಿಷ್ಯ ಹಳೇದೇ ಮೇಡಂ. ಎದುರಿಗೆ ಕೂರಿಸ್ಕೊಂಡು ಬಾಯಿ ಬಿಡಿಸೋದು' ಅಂತಾರೆ. ಬಿಡಿಸಿಯೂ ನೋಡಿದರು. 'ಈ ಎರಡನೇ ಹೆಜ್ಜೆ ಯಾಕಪ್ಪಾ ಹೀಗೆ ಬಂತು?' ಅಂದರೆ ಹುಡುಗ 'ಅಪ್‌ಲೋಡ್ ಮಾಡಿದೀನಿ ಸಾರ್' ಅಂದ. ಒಬ್ಬೊಬ್ಬನಿಗೆ ಹತ್ತು ನಿಮಿಷ ಅಂದರೂ ನೂರಿಪ್ಪತ್ತು ಮಕ್ಕಳಿಗೆ ಇಪ್ಪತ್ತು ಗಂಟೆ. ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಗೊತ್ತುಮಾಡಿರುವ ಪಾಠದ ಹೊರೆ ವಾರಕ್ಕೆ 16 ಗಂಟೆ. ಪಾಠ ಹೇಳುವ ಖರ್ಚನ್ನು ಯಂತ್ರ ಇಳಿಸಿತು ನಿಜ. ಹೇಳಿಸಿಕೊಂಡವನಿಗೆ ಅರ್ಥವಾಯಿತೇ ಅಂತ ಕೇಳುವ ಖರ್ಚಿಗೆ ಯಾವ ಬಜೆಟ್ಟಿನಲ್ಲೂ ಕಾಸಿಲ್ಲ. 2022ರ ಕೇಂದ್ರ ಬಜೆಟ್ಟಿನಲ್ಲಿ ಡಿಜಿಟಲ್ ವಿಶ್ವವಿದ್ಯಾಲಯವನ್ನೇ ಘೋಷಿಸಿದರು. ಅಲ್ಲೂ ಈ ಇಪ್ಪತ್ತು ಗಂಟೆ ಯಾರ ತಲೆಗೆ ಕಟ್ಟುತ್ತಾರೋ ಕಾದು ನೋಡಬೇಕು.

ಹಾಗಂತ ಆನ್‌ಲೈನಿನಲ್ಲಿ ಕಲಿಯುವವರೇ ಇಲ್ಲ ಅನ್ನಬೇಡಿ. ಮೂಡಲ್‌ನಲ್ಲಿ ಲಾಗ್ ಅಂತ ಒಂದಿದೆ, ಯಾರು ಎಷ್ಟು ಹೊತ್ತಿಗೆ ಬಂದರು, ಏನು ತೆರೆದರು ಎಲ್ಲ ಚಾಡಿ ಹೇಳುತ್ತದೆ. ಬೇಡಿಕೆ-ಪೂರೈಕೆಯ ಮೇಲಿನ ನನ್ನದೊಂದು ವಿಡಿಯೊವನ್ನು ಮಧ್ಯರಾತ್ರಿ ಮೀರಿದ ಮೇಲೆ ಮೂರು ಸಲ ತೆರೆದ ಹುಡುಗಿಯೊಬ್ಬಳು ಅದರಲ್ಲಿದ್ದಳು. ಹಗಲು ಸೀರೆ ಅಂಗಡಿಯಲ್ಲಿ ಕೆಲಸ, ಹಬ್ಬದ ಸೀಸನ್ನಿನಲ್ಲಿ ರಜೆ ಕೊಡುವುದಿಲ್ಲ. ಬೆಲೆ ಯಾಕೆ ಏರುತ್ತೆ ಅಂತ ಮಾರನೆಯ ವಾರ ಕೇಳಿದರೆ ಧರ್ಮಾವರಂ ಸೀರೆಯ ಲೆಕ್ಕ ಹಾಕಿಯೇ ಹೇಳಿದಳು. ಆದರೆ ತರಗತಿಯಲ್ಲಿ ಶೇ. 75 ಹಾಜರಿ ಬೇಕೇಬೇಕು, ಅವಳಿಗೆ ಶಾರ್ಟೇಜ್. ಸ್ನಾನಕ್ಕೆ ಹೋದವರೆಲ್ಲ ಹಾಜರು, ನಿದ್ದೆಗೆಟ್ಟು ಕೇಳಿದವಳು ಗೈರು.

ಹಾಜರಿ ಮನ್ನಾ ಅರ್ಜಿ ಹಿಡಿದು ಬಂದು ನಿಂತಳು. ಕಾರಣದ ಕಾಲಂನಲ್ಲಿ ಇದ್ದದ್ದು ಮೂರೇ: ಮೆಡಿಕಲ್, ಕ್ರೀಡೆ, ಎನ್‌ಸಿಸಿ.

'ಯಾವುದಕ್ಕೆ ಟಿಕ್ ಹಾಕ್ಲಿ ಮೇಡಂ?'

ನಾನು ಕನ್ನಡಕ ಏರಿಸಿ ಇಳಿಸಿ ನೋಡುತ್ತಿದ್ದೆ. ಪಕ್ಕದ ಮೇಜಿನಿಂದ ಗಣಿತದ ಮೇಷ್ಟ್ರು ತಲೆ ಎತ್ತದೆಯೇ ಅಂದರು: 'ರಾತ್ರಿ ಎರಡು ಗಂಟೇಲಿ ನಿಮ್ಮ ಪಾಠಾನ ಮೂರು ಸಲ ಕೇಳಿದ್ದಾಳೆ ಅಂದ್ರೆ ಅನುಮಾನವೇ ಬೇಡ. ಮೆಡಿಕಲ್ ಹಾಕಮ್ಮ.'