ಬಾಚಣಿಗೆ ಪುರಾಣ
ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್ ಸಾಕಿದವರಿಗೆ ಭಾನುವಾರವೆಂದರೆ ಬಾಚಣಿಗೆಯ ದಿನ. ಮೊದಲ ತೊಡಕು, ಕೂದಲ ರಾಶಿಯಲ್ಲಿ ನಾಯಿಯ ಮುಖ ಯಾವ ಕಡೆ ಎಂಬುದೇ ತಿಳಿಯದು. ಬಿಸ್ಕತ್ತು ತೋರಿಸಿ, ಯಾವ ತುದಿ ಮುಂದೆ ಬರುತ್ತದೋ ಅದೇ ಮುಖ. ಮೇಲೆ ಒರಟು ಕೂದಲು, ಒಳಗೆ ಮೆತ್ತನೆ ತುಪ್ಪಳ. ಮೇಲ್ಮೇಲೆ ಬಾಚಿ ಕೈತೊಳೆದುಕೊಂಡರೆ ಬುಡದಲ್ಲಿ ಸದ್ದಿಲ್ಲದೆ ಗಂಟು ಬೀಳುತ್ತದೆ. ಹಾಗಾಗಿ ಬೈತಲೆ ತೆಗೆದು, ಚರ್ಮ ಕಾಣುವ ತನಕ ಸಾಲುಸಾಲಾಗಿ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ ಗಂಟುಗಳದ್ದು ಕಾಯಂ ವಾಸ. ಅವನ್ನು ಬೆರಳಲ್ಲೇ ಬಿಡಿಸುವಷ್ಟು ತಾಳ್ಮೆ ಬೇಕು (ಯೋಗ ಕ್ಲಾಸಿನ ಫೀಸು ಉಳಿಯಿತು). ಬಾಚದೆ ಸ್ನಾನ ಮಾಡಿಸಿದಿರೋ, ನೆನೆದ ಗಂಟು ಬಿಗಿದು ಕಂಬಳಿಯಾಗುತ್ತದೆ. ಸ್ನಾನ ಮುಗಿದು ನಾಯಿ ಮೈ ಕೊಡವಿದಾಗ ಅದಕ್ಕಿಂತ ಗೋಡೆ, ಯಜಮಾನರ ಕನ್ನಡಕ ಹೆಚ್ಚು ಒದ್ದೆ. ಉದುರಿದ ಕೂದಲಂತೂ ಇನ್ನೊಂದು ನಾಯಿಗಾಗುವಷ್ಟು! ಅದನ್ನು ಗುಡಿಸಿ ತಿರುಗುವಷ್ಟರಲ್ಲಿ ಒರಿಜಿನಲ್ ನಾಯಿ ಹೂಕುಂಡದ ಮಣ್ಣಲ್ಲಿ ಹೊರಳುತ್ತಿರುತ್ತದೆ.