ನವೆಂಬರ್ ಬುಟ್ಟಿ

ವೈಟ್‌ಫೀಲ್ಡಿನ ಐಟಿ ಕಂಪನಿಗಳಲ್ಲಿ ಎಲ್ಲರಿಗಿಂತ ಹೆಚ್ಚು ರಜೆ ಇರುವುದು ಕನ್ನಡಕ್ಕೆ: ವರ್ಷಕ್ಕೆ ಹನ್ನೊಂದು ತಿಂಗಳು. ನವೆಂಬರ್ ಬಂತೆಂದರೆ ಮಾತ್ರ ಶಾಲು, ಬಾವುಟ, ಬಿಸಿಬೇಳೆಬಾತು ಮತ್ತು ನಮ್ಮ ಕನ್ನಡ ಬಳಗದ ಇ-ಪತ್ರಿಕೆ. ಅದು ಆಫೀಸಿನ ಒಳಗಷ್ಟೇ ಕಾಣುವ ವರ್ಡ್‌ಪ್ರೆಸ್ ತಾಣ. ಸಂಪಾದಕ ನಾನು. ಬಳಗದವರಿಗೆ ನಾನು ಕಂಪ್ಯೂಟರ್ ಪಂಡಿತ, ಕಂಪ್ಯೂಟರಿನವರಿಗೆ ಕನ್ನಡ ಪಂಡಿತ. ಎರಡು ಗುಂಪುಗಳೂ ಪರಸ್ಪರ ಮಾತಾಡದ್ದು ನನ್ನ ಪುಣ್ಯ.

ಹಬ್ಬ ಮುಗಿದ ಮೇಲೆ, ಪ್ರಕಟವಾಗದೆ ಉಳಿದ ಬರಹಗಳನ್ನೆಲ್ಲ, ಡೈರೆಕ್ಟರ್ ಸಾಹೇಬರ ಕವನವೂ ಸೇರಿ, ಟ್ರ್ಯಾಶ್‌ಗೆ ತಳ್ಳಿದೆ. ಬಿಸಾಡಿದ್ದಲ್ಲ ಸ್ವಾಮಿ, ಅಟ್ಟಕ್ಕೆ ಹಾಕಿದ್ದು. ಬರುವ ವರ್ಷ ಲೇಖನ ಸಾಲದಿದ್ದರೆ ಇಳಿಸಿಕೊಂಡರಾಯಿತು. ವರ್ಡ್‌ಪ್ರೆಸ್‌ಗೆ ಈ ಬುಟ್ಟಿ ಬಂದದ್ದು 2009ರಲ್ಲಿ, 2.9ನೇ ಆವೃತ್ತಿಯೊಂದಿಗೆ. ಬಿದ್ದದ್ದು 30 ದಿನ ಇರುತ್ತದೆ, ಆಮೇಲೆ ತಾನಾಗಿ ಅಳಿಯುತ್ತದೆ. ಫೆಬ್ರವರಿಯಲ್ಲಿ ಇದು ನೆನಪಾಗಿ ಗಾಬರಿಯಿಂದ ನೇರ ಡೇಟಾಬೇಸ್‌ಗೇ ಇಣುಕಿದರೆ, ಎಲ್ಲವೂ ಬೆಚ್ಚಗೆ ಕೂತಿದ್ದವು. ‘ಗುಡಿಸುವ ಯಂತ್ರ ಕೆಟ್ಟಿದೆ, ಒಳ್ಳೇದೇ ಆಯ್ತು’ ಅಂದುಕೊಂಡೆ.

ಕೆಟ್ಟಿರಲಿಲ್ಲ. ಈ ಗುಡಿಸುವ ಕೆಲಸ ಹೊತ್ತಿರುವ ವರ್ಡ್‌ಪ್ರೆಸ್‌ನ ಕ್ರಾನ್, ಗಡಿಯಾರ ನೋಡಿ ಏಳುವುದಿಲ್ಲ. ಯಾರಾದರೂ ಪುಟ ತೆರೆದಾಗಲೇ ಅದು ಕಣ್ಣುಬಿಟ್ಟು, ಬಾಕಿ ಕೆಲಸ ಏನಿದೆ ಎಂದು ನೋಡುವುದು. ಹೊರಗಿನ ತಾಣವಾಗಿದ್ದರೆ ಗೂಗಲ್‌ನ ಬಾಟ್ ಆದರೂ ಬಂದು ಬಾಗಿಲು ತಟ್ಟುತ್ತಿತ್ತು. ನಮ್ಮದು ಫೈರ್‌ವಾಲ್ ಒಳಗೆ. ಡಿಸೆಂಬರಿನಿಂದ ಅಲ್ಲಿಗೆ ಒಬ್ಬ ಕನ್ನಡಿಗನೂ ಕಾಲಿಟ್ಟಿರಲಿಲ್ಲ. ಬಳಗದ ಅಸಡ್ಡೆಯೇ ಬಳಗದ ಸಾಹಿತ್ಯವನ್ನು ಕಾಪಾಡಿಕೊಂಡು ಬಂದಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೋದಲ್ಲಿ ನೇತಾಡಿಕೊಂಡು ಕಾಡುಗೋಡಿಗೆ ಬಂದು, ಸೀಟಿನಲ್ಲಿ ಕೂತು ಲಾಗಿನ್ ಪುಟ ತೆರೆದೆ. ಪಾಸ್‌ವರ್ಡ್ ನೆನಪು ಮಾಡಿಕೊಳ್ಳುವಷ್ಟರಲ್ಲಿ ಕ್ರಾನ್ ಎದ್ದು ತಿಂಗಳುಗಟ್ಟಲೆಯ ಬಾಕಿ ತೀರಿಸಿತ್ತು. ಒಳಗೆ ಹೋದರೆ ಬುಟ್ಟಿ ಖಾಲಿ. ವರ್ಷದ ಮೊದಲ ಓದುಗ ನಾನೇ, ಕೊನೆಯವನೂ ನಾನೇ. ಬ್ಯಾಕಪ್ ಕೇಳೋಣವೆಂದರೆ, ‘ಮುಖ್ಯವಾದ ಸರ್ವರ್ ಅಲ್ಲ’ ಎಂದು ಫಾರಂನಲ್ಲಿ ಬರೆದು ಅದನ್ನು ಪಟ್ಟಿಯಿಂದ ಬಿಡಿಸಿದವನ ಸಹಿ ಓದಿ ಸುಮ್ಮನಾದೆ. ಸಹಿ ನನ್ನದು.

ಡೈರೆಕ್ಟರ್ ಸಾಹೇಬರಿಗೆ ಫೋನ್ ಮಾಡಿ ಕವನ ಇನ್ನೊಮ್ಮೆ ತರಿಸಿಕೊಂಡೆ. ಇನ್ನು ಗುಡಿಸುವ ಉಸಾಬರಿಯೇ ಬೇಡವೆಂದು ಕಾನ್ಫಿಗ್ ಫೈಲಿನಲ್ಲಿ 30 ಇರಬೇಕಾದ ಕಡೆ 0 ಹಾಕಿದೆ. ಸೊನ್ನೆ ಅಂದರೆ ‘ಎಂದೂ ಅಳಿಸಬೇಡ’ ಅಂತ ನನ್ನ ಲೆಕ್ಕ. ವರ್ಡ್‌ಪ್ರೆಸ್ ಲೆಕ್ಕದಲ್ಲಿ ಸೊನ್ನೆ ಅಂದರೆ ಬುಟ್ಟಿಯೇ ಇಲ್ಲ, ಅಳಿಸಿದ್ದು ನೇರ ವೈಕುಂಠಕ್ಕೆ. ಟ್ರ್ಯಾಶ್ ಅಂತಿದ್ದ ಜಾಗದಲ್ಲಿ ‘ಶಾಶ್ವತವಾಗಿ ಅಳಿಸಿ’ ಅಂತ ಕೆಂಪಕ್ಷರ ಬಂದಿತ್ತು. ಓದುವ ಅಭ್ಯಾಸವಿದ್ದರೆ ನಾನೇಕೆ ಸಂಪಾದಕನಾಗುತ್ತಿದ್ದೆ? ಕವನವನ್ನು ಅಟ್ಟದಲ್ಲಿಟ್ಟು ಆಮೇಲೆ ತಿದ್ದೋಣವೆಂದು ಒತ್ತಿಯೇಬಿಟ್ಟೆ.

ಮತ್ತೆ ಫೋನ್.

“ಸಾರ್, ಆ ಕವನ... ದಯವಿಟ್ಟು ಇನ್ನೊಂದ್ಸಲ...”

ಆ ಕಡೆ ಮೌನ. ಅಪ್ರೈಸಲ್ ಕಣ್ಮುಂದೆ ಬಂತು.

“ಏನ್ರೀ ಇದು, ಮೂರನೇ ಸಲ ಕೇಳ್ತಿದೀರಲ್ಲ! ನಮ್ಮ ಮನೆಯವಳು ಎರಡನೇ ಸಲಾನೂ ಕೇಳಿದೋಳಲ್ಲ.” ಸಾಹೇಬರ ಗಂಟಲು ಕಟ್ಟಿತ್ತು. “ಇರಿ, ಇನ್ನೂ ಎಂಟು ಚರಣ ಸೇರಿಸಿ ಕಳಿಸ್ತೀನಿ. ಒಂದನೇ ತಾರೀಖು ಸ್ಟೇಜ್ ಮೇಲೆ ನೀವೇ ಹಾಡ್ಬೇಕು ಮತ್ತೆ.”