ಪದಾರ್ಥ ನಿರ್ಣಯ: ಒಂದು ತೆರಿಗೆ ಮೀಮಾಂಸೆ

ಪೀಠಿಕೆ

ಕಣಾದ ಮಹರ್ಷಿಗಳು ಲೋಕದಲ್ಲಿರುವುದನ್ನೆಲ್ಲ ಆರು ಪದಾರ್ಥಗಳಲ್ಲಿ ಅಡಕ ಮಾಡಿದರು. ಆಮೇಲಿನ ವೈಶೇಷಿಕರು 'ಅಭಾವ' ಎಂಬುದನ್ನೂ ಕೂಡಿಸಿ ಏಳಾಗಿಸಿದರು. ಇವರಲ್ಲಿ ಯಾರಿಗೂ ಮಾರಾಟ ತೆರಿಗೆಯ ನೋಟಿಸು ಬಂದಿರಲಿಲ್ಲವಾಗಿ ಶಾಸ್ತ್ರ ಅಷ್ಟಕ್ಕೇ ನಿಂತಿತು. ಅದನ್ನು ಮುಂದಕ್ಕೆ ಕೊಂಡೊಯ್ದ ಕೀರ್ತಿ ನ್ಯಾಯಾಲಯಗಳಿಗೂ ತೆರಿಗೆ ಪ್ರಾಧಿಕಾರಗಳಿಗೂ ಸಲ್ಲತಕ್ಕದ್ದು. ಅವರ ದರ್ಶನವನ್ನು ಮಂದಮತಿಗಳ ಉಪಕಾರಾರ್ಥವಾಗಿ ಇಲ್ಲಿ ಸಂಗ್ರಹಿಸಿದ್ದೇವೆ.

ಸೂತ್ರ 1: ದರ ಬೇರೆಯಾದರೆ ವಸ್ತು ಬೇರೆ.

ಭಾಷ್ಯ: ವಸ್ತು ಬೇರೆಯಾದ್ದರಿಂದ ದರ ಬೇರೆಯಾಯಿತೆಂದು ಪಾಮರರು ತಿಳಿಯುತ್ತಾರೆ. ಅದು ಭ್ರಾಂತಿ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನ್‌ನ ತತ್ತ್ವವನ್ನು ವಿವರಿಸಿತು. ಉಪ್ಪು ಮಸಾಲೆ ಬೆರೆಸಿ ಬಿಡಿಯಾಗಿ ಮಾರಿದರೆ ಶೇ 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ಶೇ 12, ಕ್ಯಾರಮೆಲ್ ಸವರಿದರೆ ಶೇ 18 ಎಂಬುದು ಆಗಿನ ಲೆಕ್ಕ. ಮೆಕ್ಕೆಜೋಳ ಒಂದೇ, ಲೇಬಲ್ ಎಂಬ ಉಪಾಧಿಯಿಂದ ಅನೇಕವಾಗಿ ತೋರುತ್ತದೆ. ಅದ್ವೈತಿಗಳು ಘಟಾಕಾಶ, ಮಠಾಕಾಶಗಳಿಂದ ಹೇಳಹೊರಟದ್ದನ್ನು ಮಂಡಳಿ ಒಂದು ಪೊಟ್ಟಣದಿಂದ ಸಾಧಿಸಿತು.

ಕೊಬ್ಬರಿ ಎಣ್ಣೆಯದ್ದೂ ಇದೇ ಪಾಡು. ಚಿಕ್ಕ ಬಾಟಲಿಯಲ್ಲಿರುವುದು ಅಡುಗೆ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ? 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. 2024ರಲ್ಲಿ ಮೂವರ ಪೀಠ, ಕೇಶತೈಲವೆಂದು ಮೇಲೆ ತೋರಿಸದ ಹೊರತು ಅದು ಅಡುಗೆ ಎಣ್ಣೆಯೇ ಎಂದಿತು. ಒಂದೇ ಬಾಟಲಿಯಿಂದ ಒಗ್ಗರಣೆಗೂ ಸುರಿದು ಮಗುವಿನ ನೆತ್ತಿಗೂ ತಟ್ಟುವ ಕರಾವಳಿಯ ಅಜ್ಜಿಯಂದಿರು ಈ ಭೇದವನ್ನು ಇನ್ನೂ ಅಧ್ಯಯನ ಮಾಡಬೇಕಿದೆ.

ಸೂತ್ರ 2: ಸಸ್ಯಶಾಸ್ತ್ರಕ್ಕಿಂತ ಸಂತೆ ದೊಡ್ಡದು.

ಭಾಷ್ಯ: ಟೊಮೆಟೊ ಹಣ್ಣೆಂದು ಸಸ್ಯಶಾಸ್ತ್ರ ಸಾರುತ್ತದೆ, 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತರಕಾರಿಯೆಂದು ನಿರ್ಣಯಿಸಿ ಸುಂಕ ಕಟ್ಟಿಸಿತು. ನಮ್ಮ ಸುಪ್ರೀಂ ಕೋರ್ಟು 1961ರಲ್ಲಿ ವೀಳ್ಯದೆಲೆ ತರಕಾರಿಯಲ್ಲವೆಂದಿತು. ಮರುವರ್ಷ ಕಬ್ಬು ಕೂಡ ಹಸಿರು ತರಕಾರಿಯ ಪಂಕ್ತಿಯಿಂದ ಎದ್ದು ಹೊರಟಿತು. 1967ರಲ್ಲಿ ಮಾತ್ರ ಸೌದೆ ಸುಟ್ಟ ಇದ್ದಿಲಿಗೆ ಗಣಿಯ ಕಲ್ಲಿದ್ದಲಿನ ಕುಲದಲ್ಲಿ ಪ್ರವೇಶ ದೊರೆಯಿತು.

ಇಲ್ಲಿ ಪ್ರಮಾಣವೇನು? ಲೋಕರೂಢಿ. ಪ್ರತ್ಯಕ್ಷ, ಅನುಮಾನಗಳೆರಡನ್ನೂ ಮೀರಿಸಿದ ಈ ಪ್ರಮಾಣದ ಸ್ವರೂಪ ಕೆನಡಾದ 1951ರ ಒಂದು ತೀರ್ಪಿನಲ್ಲಿ ಸೊಗಸಾಗಿ ಕಾಣುತ್ತದೆ. ರಾತ್ರಿಯೂಟಕ್ಕೆ ಹಣ್ಣು ತರಕಾರಿ ತಾ ಎಂದು ಕಳಿಸಿದರೆ ಸಂಸಾರಸ್ಥರು ಉಪ್ಪು ಹಚ್ಚಿದ ಕಡಲೆಕಾಯಿ ಬೀಜ ಹೊತ್ತು ಬರುತ್ತಾರೆಯೇ ಎಂಬುದು ಅಲ್ಲಿ ಕೇಳಿದ ಪ್ರಶ್ನೆ. ಬಂದರೆ ಮನೆಯಲ್ಲಿ ಏನಾಗುತ್ತದೆಂದು ಬಲ್ಲ ನ್ಯಾಯಾಧೀಶರೇ ಹಾಗೆ ಕೇಳಬಲ್ಲರು.

ಪೂರ್ವಪಕ್ಷ: ಹಾಗಾದರೆ ಗಾಂಧಿ ಬಜಾರಿನಲ್ಲಿ ಚೀಲ ಹಿಡಿದು ನಿಂತ ಗೃಹಿಣಿಯನ್ನೇ ಸಾಕ್ಷಿಕಟ್ಟೆಗೆ ಕರೆಯಬಹುದಲ್ಲ?

ಸಿದ್ಧಾಂತ: ಸಲ್ಲದು. ಆಕೆ ಅರೆ ನಿಮಿಷದಲ್ಲಿ ಉತ್ತರ ಹೇಳಿ ಹೊರಟುಬಿಟ್ಟರೆ ಪಾಟೀಸವಾಲಿಗೆ ಏನುಳಿಯಿತು? ಆಕೆಯ ಮನಸ್ಸಿನಲ್ಲಿರುವುದನ್ನು ಹಿರಿಯ ವಕೀಲರು ಎರಡೂ ಕಡೆಯಿಂದ ಊಹಿಸತಕ್ಕದ್ದು. ಊಹೆಗೆ ಫೀಸು ಪ್ರತ್ಯೇಕ.

ಸೂತ್ರ 3: ತಲೆ ಹೋದರೂ ಸಿಗಡಿ ಸಿಗಡಿಯೇ.

ಭಾಷ್ಯ: ಕಾರ್ಯವು ಕಾರಣದಲ್ಲೇ ಅಡಗಿರುತ್ತದೆ ಎಂಬ ಸಾಂಖ್ಯರ ಸತ್ಕಾರ್ಯವಾದಕ್ಕೆ ಕರ್ನಾಟಕದ ಕೊಡುಗೆ ಇದು. ತಲೆ ಬಾಲ ಕಿತ್ತು, ಸಿಪ್ಪೆ ಸುಲಿದು, ತೊಳೆದು, ಹಿಮಗಟ್ಟಿಸಿದ ಸಿಗಡಿ ಬೇರೆಯೇ ಸರಕೆಂದು ರಾಜ್ಯ ಸರ್ಕಾರ ವಾದಿಸಿತು. 1986ರ ಸ್ಟರ್ಲಿಂಗ್ ಫುಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅದಕ್ಕೂ ಮೊದಲು, 1980ರಲ್ಲಿ, ಹೋಳಾಗಿ ಡಬ್ಬಿ ಸೇರಿದ ಅನಾನಸು ಅನಾನಸೇ ಎಂದಾಗಿತ್ತು. 1960ರಲ್ಲಿ ತುಂಗಭದ್ರಾ ಇಂಡಸ್ಟ್ರೀಸ್‌ನ ವನಸ್ಪತಿಯು, ಗಟ್ಟಿಯಾದರೂ, ಕಡಲೆಕಾಯಿ ಎಣ್ಣೆಯಾಗಿಯೇ ಉಳಿದಿತ್ತು. ದೇಹ ತುಂಡಾದರೂ ಆತ್ಮ ಅಖಂಡ ಎಂಬುದಕ್ಕೆ ಇದಕ್ಕಿಂತ ತಣ್ಣನೆಯ ಸಾಕ್ಷ್ಯ ದುರ್ಲಭ.

ಸೂತ್ರ 4: ಹಳತಾದ ಮೇಲೆ ಜಾತಿ ತಿಳಿಯುತ್ತದೆ.

ಭಾಷ್ಯ: ಇದು ಬ್ರಿಟಿಷರ ಶಾಖೆ. 1991ರಲ್ಲಿ ಅಲ್ಲಿನ ನ್ಯಾಯಮಂಡಳಿಯ ಮುಂದೆ ಜಾಫಾ ಕೇಕ್ ಎಂಬ ತಿಂಡಿ ಬಂತು. ಕೇಕಾದರೆ ತೆರಿಗೆ ಸೊನ್ನೆ, ಚಾಕೊಲೇಟ್ ಸವರಿದ ಬಿಸ್ಕತ್ತಾದರೆ ಪೂರ್ತಿ. ಹಳತಾದರೆ ಕೇಕು ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ ಎಂಬುದೂ ಪರಿಗಣನೆಗೆ ಬಂದು, ತಿಂಡಿ ಕೇಕೆಂದು ಗೆದ್ದಿತು. ಇದೇ ಲಕ್ಷಣವನ್ನು ನಮ್ಮಲ್ಲಿ ಅನ್ವಯಿಸಿದರೆ ಗಾಳಿಗಿಟ್ಟ ನಿಪ್ಪಟ್ಟು ಬಿಸ್ಕತ್ತು, ನಿನ್ನೆಯ ಇಡ್ಲಿ ಕೇಕು. ಅತಿವ್ಯಾಪ್ತಿ ದೋಷ ಬಂತಲ್ಲ ಎನ್ನುವವರು ಬೆಳಗಿನ ತಿಂಡಿಗೆ ನಿನ್ನೆಯ ಇಡ್ಲಿಯನ್ನೇ ತಿಂದು ವಾದಕ್ಕೆ ಬರಲಿ.

ಸೂತ್ರ 5: ಸೊನ್ನೆಯೇ ಮೋಕ್ಷ.

ಭಾಷ್ಯ: 2020ರಲ್ಲಿ ಬೆಂಗಳೂರಿನ ಕಂಪನಿಯೊಂದರ ಪರೋಟ ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರದ ಎದುರು ನಿಂತಿತು. ಖಾಖ್ರಾ, ಸಾದಾ ಚಪಾತಿ, ರೊಟ್ಟಿಗಳಿಗೆ ಶೇ 5. ತಿನ್ನುವ ಮೊದಲು ಮತ್ತೆ ಕಾಯಿಸಬೇಕಾದ ಪರೋಟ ಆ ಪಂಕ್ತಿಗೆ ಸೇರದೆಂದು ಶೇ 18 ವಿಧಿಸಲಾಯಿತು. ಪದರ ಪದರವಾಗಿ ಬಿಡಿಸಿದರೂ ಪರೋಟದ ಒಳಗೆ ರೊಟ್ಟಿ ಸಿಗಲಿಲ್ಲ. 2024ರಲ್ಲಿ ಕೇರಳ ಹೈಕೋರ್ಟಿಗೆ ಸಿಕ್ಕಿತು: ಮಲಬಾರ್ ಪರೋಟಕ್ಕೆ ಶೇ 5 ಸಾಕೆಂದು ಅದು ಹೇಳಿತು. ಗಡಿ ದಾಟಿದರೆ ಸ್ವರೂಪ ಬದಲಾಗುವ ಪದಾರ್ಥ ವೈಶೇಷಿಕರ ಪಟ್ಟಿಯಲ್ಲಿಲ್ಲ.

ಕೊನೆಗೆ 2025ರ ಸೆಪ್ಟೆಂಬರ್ 22ರಂದು ಚಪಾತಿ, ರೊಟ್ಟಿ, ಪರೋಟಗಳೆಲ್ಲ ಸೊನ್ನೆ ತೆರಿಗೆಯಲ್ಲಿ ಲೀನವಾದವು. ವೈಶೇಷಿಕರ ಏಳನೆಯ ಪದಾರ್ಥವಾದ 'ಅಭಾವ' ಇದೇ. ಅಂದಿನಿಂದ ಪರೋಟ ರೊಟ್ಟಿಯೋ ಅಲ್ಲವೋ ಎಂದು ಯಾವ ಪ್ರಾಧಿಕಾರವೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಭೇದ ಹಿಟ್ಟಿನಲ್ಲಿರಲಿಲ್ಲ, ದರಪಟ್ಟಿಯಲ್ಲಿತ್ತು.

ಫಲಶ್ರುತಿ: ಇದನ್ನು ನಿತ್ಯ ಪಠಿಸುವ ವ್ಯಾಪಾರಿಗೆ ನೋಟಿಸು ಬಾರದೆಂದು ಹೇಳಲಾರೆವು. ವಕೀಲರಿಗೆ ಧನಲಾಭ, ಗುಮಾಸ್ತರಿಗೆ ದೀರ್ಘಾಯುಷ್ಯ, ತಿನ್ನುವವರಿಗೆ ಅಜೀರ್ಣ ನಿಶ್ಚಿತ.